ಕೆರೆಯ ನೀರು, ಕೊಳವೆಬಾವಿಯ ಲೆಕ್ಕ

ಕೋಲಾರ ಸೀಮೆಯ ಕೆರೆಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ತೀರ್ಪು ಕೇಳಿಬರುತ್ತದೆ: ಜನರಿಗೆ ಸ್ವಾರ್ಥ ಹೆಚ್ಚಾಯಿತು, ಹಿಂದಿನವರಿಗಿದ್ದ ಕಾಳಜಿ ಈಗಿನವರಿಗಿಲ್ಲ, ಅದಕ್ಕೇ ಕೆರೆಗಳಲ್ಲಿ ಹೂಳು ತುಂಬಿ ಜಾಲಿ ಬೆಳೆಯಿತು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಹಿಂದಿನವರು ನಮಗಿಂತ ನಿಸ್ವಾರ್ಥಿಗಳಾಗಿದ್ದರು ಎನ್ನಲು ಯಾವ ಆಧಾರವೂ ಇಲ್ಲ; ನೀರಿನ ಸರದಿಗಾಗಿ ಅವರೂ ಹೊಡೆದಾಡಿದ್ದಾರೆ, ಕತ್ತಲಲ್ಲಿ ಕಾಲುವೆಯ ದಂಡೆ ಕಡಿದು ನೀರನ್ನು ತಮ್ಮ ಗದ್ದೆಗೆ ತಿರುಗಿಸಿಕೊಂಡಿದ್ದಾರೆ. ಅಂದಿಗೂ ಇಂದಿಗೂ ಬದಲಾಗಿರುವುದು ಕೆರೆಯಿಂದ ಯಾರಿಗೆ ಏನು ಸಿಗುತ್ತದೆ, ಅದಕ್ಕೆ ಪ್ರತಿಯಾಗಿ ಯಾರು ಏನು ಕೊಡುತ್ತಾರೆ ಎಂಬ ಲೆಕ್ಕ. ಕೆರೆ ಪುನಶ್ಚೇತನಕ್ಕೆಂದು ಸರ್ಕಾರದ ಹಣ ವರ್ಷ ವರ್ಷವೂ ಖರ್ಚಾಗುತ್ತಿದ್ದರೂ ಆ ಲೆಕ್ಕದಲ್ಲಿ ಇರಲೇಬೇಕಾದ ಒಬ್ಬನ ಹೆಸರು, ಅಂದರೆ ಕೊಳವೆಬಾವಿಯ ಒಡೆಯನ ಹೆಸರು, ಇವತ್ತಿಗೂ ಬಿಟ್ಟುಹೋಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಈ ಬರಹ.

ಕೋಲಾರ ಮತ್ತು 2007ರಲ್ಲಿ ಅದರಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ, ಇವೆರಡೂ ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಗಳು. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಇಲ್ಲಿ ಹುಟ್ಟುತ್ತವೆಯೇ ಹೊರತು ಇಲ್ಲಿಯವರಿಗೆ ಒದಗುವಷ್ಟು ದೊಡ್ಡವಾಗುವ ಹೊತ್ತಿಗೆ ತಮಿಳುನಾಡು ಅಥವಾ ಆಂಧ್ರವನ್ನು ಸೇರಿರುತ್ತವೆ. ಹಾಗಾಗಿ ಬಿದ್ದ ಮಳೆಯನ್ನು ಇಳಿಜಾರಿನಲ್ಲೇ ತಡೆದು ನಿಲ್ಲಿಸುವುದೊಂದೇ ಉಳಿದ ದಾರಿಯಾಗಿತ್ತು. ಅವಿಭಜಿತ ಜಿಲ್ಲೆಯಲ್ಲಿ ಹೀಗೆ ಕಟ್ಟಿದ ಕೆರೆಗಳ ಸಂಖ್ಯೆ ನಾಲ್ಕು ಸಾವಿರಕ್ಕೂ ಹೆಚ್ಚು. ಇಡೀ ರಾಜ್ಯದ ಕೆರೆಗಳು ಮೂವತ್ತಾರು ಸಾವಿರವನ್ನು ಮೀರುತ್ತವೆ. ಇವುಗಳಲ್ಲಿ ಹೆಚ್ಚಿನವು ಒಂಟಿ ಕೆರೆಗಳಲ್ಲ. ಮೇಲಿನ ಕೆರೆಯ ಕೋಡಿ ಹರಿದರೆ ಆ ನೀರು ರಾಜಕಾಲುವೆಯಲ್ಲಿ ಇಳಿದು ಕೆಳಗಿನ ಊರಿನ ಕೆರೆಯನ್ನು ಸೇರುತ್ತದೆ, ಅದು ತುಂಬಿದರೆ ಅದರ ಕೆಳಗಿನದು. ಒಂದು ಊರು ತನ್ನ ಕೋಡಿಯನ್ನು ಒಂದು ಗೇಣು ಎತ್ತರಿಸಿದರೂ ಕೆಳಗಿನ ಊರಿನ ಗದ್ದೆ ಒಣಗುವಂಥ ಈ ಏರ್ಪಾಟು ಶತಮಾನಗಳ ಕಾಲ ನಡೆದುಬಂದಿತ್ತು ಎಂಬುದನ್ನೇ ನಾವು ಮೊದಲು ಗಮನಿಸಬೇಕು.

ಅರ್ಥಶಾಸ್ತ್ರ ಯಾವುದೇ ವಸ್ತುವನ್ನು ಎರಡು ಪ್ರಶ್ನೆಗಳಿಂದ ಪರೀಕ್ಷಿಸುತ್ತದೆ. ಒಬ್ಬನು ಬಳಸಿದರೆ ಇನ್ನೊಬ್ಬನಿಗೆ ಅಷ್ಟು ಕಡಿಮೆಯಾಗುತ್ತದೆಯೇ ಎಂಬುದು ಮೊದಲನೆಯದು. ಬೆಲೆ ಕೊಡದವನನ್ನು ಬಳಸದಂತೆ ಹೊರಗಿಡಲು ಸಾಧ್ಯವೇ ಎಂಬುದು ಎರಡನೆಯದು. ಒಬ್ಬರ ಬಳಕೆಯಿಂದ ಇನ್ನೊಬ್ಬರಿಗೆ ಕುಂದದ, ಯಾರನ್ನೂ ಹೊರಗಿಡಲಾಗದ ವಸ್ತು ಸಾರ್ವಜನಿಕ ಸರಕು. ಈ ವಿಚಾರಕ್ಕೆ ಗಣಿತದ ಸ್ಪಷ್ಟ ರೂಪ ಕೊಟ್ಟವರು ಪಾಲ್ ಸ್ಯಾಮ್ಯುಯೆಲ್ಸನ್, 1954ರಲ್ಲಿ. ಹೊರಗಿಡುವುದು ಕಷ್ಟವಾಗಿದ್ದೂ ಬಳಸಿದಷ್ಟು ಕುಂದುವುದಾದರೆ ಅದು ಸಾಮುದಾಯಿಕ ಸಂಪನ್ಮೂಲ. ಪಠ್ಯಪುಸ್ತಕಗಳು ಮೊದಲನೆಯದಕ್ಕೆ ದೇಶದ ರಕ್ಷಣೆಯನ್ನೋ ಬೀದಿ ದೀಪವನ್ನೋ, ಎರಡನೆಯದಕ್ಕೆ ಸಮುದ್ರದ ಮೀನನ್ನೋ ಗೋಮಾಳವನ್ನೋ ಉದಾಹರಣೆ ಕೊಟ್ಟು ಮುಂದೆ ಹೋಗುತ್ತವೆ. ಕೆರೆಯ ವಿಶೇಷವೆಂದರೆ ಅದರಲ್ಲಿ ಎರಡೂ ಒಟ್ಟಿಗೆ ಇವೆ. ತೂಬಿನಿಂದ ಹರಿಯುವ ನೀರು ಬಳಸಿದಷ್ಟೂ ಕುಂದುತ್ತದೆ. ನಾನು ಒಂದು ಮಡಿಗೆ ಹೆಚ್ಚು ಕಟ್ಟಿಕೊಂಡರೆ ನಿಮಗೆ ಒಂದು ಮಡಿಗೆ ಕಡಿಮೆ. ಆದರೆ ಏರಿಯ ಗಟ್ಟಿತನ, ಹೂಳಿಲ್ಲದ ಅಂಗಳ, ಕಳೆ ತೆಗೆದ ಕಾಲುವೆ, ಸುತ್ತಲಿನ ಬಾವಿಗಳಲ್ಲಿ ಏರುವ ನೀರಿನ ಮಟ್ಟ, ಇವು ಯಾರನ್ನೂ ಹೊರಗಿಡದೆ ಎಲ್ಲರಿಗೂ ಸಲ್ಲುವ ಲಾಭಗಳು. ನೀರು ಹಂಚುವ ತೊಡಕು ಒಂದು, ಕೆರೆಯನ್ನು ಉಳಿಸಿಕೊಳ್ಳುವ ತೊಡಕು ಇನ್ನೊಂದು. ಹಳೆಯ ವ್ಯವಸ್ಥೆ ಇವೆರಡಕ್ಕೂ ಬೇರೆ ಬೇರೆ ಉಪಾಯಗಳನ್ನು ಕಂಡುಕೊಂಡಿತ್ತು.

ಉಳಿಸಿಕೊಳ್ಳುವ ತೊಡಕನ್ನು ಮೊದಲು ನೋಡೋಣ. ಒಂದು ಊರಿನಲ್ಲಿ ನೂರು ಮನೆಗಳಿವೆ ಎಂದಿಟ್ಟುಕೊಳ್ಳಿ. ಒಂದು ಮನೆಯವರು ಸಾವಿರ ರೂಪಾಯಿ ಬೆಲೆಬಾಳುವಷ್ಟು ದುಡಿದು ಹೂಳೆತ್ತಿದರೆ ಊರಿಗೆಲ್ಲ ಸೇರಿ ಮೂರು ಸಾವಿರದ ಪ್ರಯೋಜನವಾಗುತ್ತದೆ ಎಂದುಕೊಳ್ಳೋಣ. ಊರಿನ ದೃಷ್ಟಿಯಲ್ಲಿ ಅದು ಒಂದಕ್ಕೆ ಮೂರರಷ್ಟು ಲಾಭದ ಕೆಲಸ. ಆದರೆ ದುಡಿದ ಮನೆಗೆ ಬರುವುದು ಆ ಮೂರು ಸಾವಿರದಲ್ಲಿ ಮೂವತ್ತು ರೂಪಾಯಿ ಮಾತ್ರ. ಉಳಿದ ತೊಂಬತ್ತೊಂಬತ್ತು ಮನೆಗಳು ಹೂಳೆತ್ತಿದರೆ ನನಗೆ ಕೈಯಾಡಿಸದೆಯೇ ಫಲ ಸಿಗುತ್ತದೆ, ಅವರು ಎತ್ತದಿದ್ದರೆ ನಾನೊಬ್ಬ ಎತ್ತಿ ಪ್ರಯೋಜನವಿಲ್ಲ. ಎರಡು ರೀತಿಯಿಂದಲೂ ಮನೆಯಲ್ಲಿ ಕುಳಿತಿರುವುದೇ ಲೇಸು ಎಂದು ಲೆಕ್ಕ ಹೇಳುತ್ತದೆ. ಅರ್ಥಶಾಸ್ತ್ರಜ್ಞರು ಫ್ರೀ ರೈಡರ್ ಎಂದು ಕರೆಯುವುದು ಹೀಗೆ ಕುಳಿತು ಫಲ ಉಣ್ಣುವವನನ್ನು. ಅವನು ಕೆಟ್ಟವನಾಗಿರಬೇಕಿಲ್ಲ, ಎಲ್ಲರಂತೆ ಕೂಡಿ ಕಳೆದು ನೋಡುವವನಾಗಿದ್ದರೆ ಸಾಕು. ದೊಡ್ಡ ಗುಂಪಿನಲ್ಲಿ ಸಮಾನ ಹಿತಾಸಕ್ತಿ ಇದ್ದ ಮಾತ್ರಕ್ಕೆ ಜನ ಒಟ್ಟಾಗಿ ದುಡಿಯುವುದಿಲ್ಲ, ದುಡಿದವನಿಗೆ ಪ್ರತ್ಯೇಕವಾದ ಪ್ರತಿಫಲವೋ ತಪ್ಪಿಸಿಕೊಂಡವನಿಗೆ ದಂಡವೋ ಇರಬೇಕು ಎಂದು ಮ್ಯಾನ್ಕರ್ ಓಲ್ಸನ್ 1965ರಲ್ಲಿ ವಾದಿಸಿದರು.

ನಮ್ಮ ಕೆರೆಗಳಲ್ಲಿ ಆ ಪ್ರತ್ಯೇಕ ಪ್ರತಿಫಲ ಹೂಳಿನಲ್ಲೇ ಇತ್ತು. ಬೇಸಿಗೆಯಲ್ಲಿ ಕೆರೆಯಂಗಳ ಬಿರುಕು ಬಿಟ್ಟಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಗೋಡನ್ನು ಹೊಡೆದು ತಮ್ಮ ಹೊಲಕ್ಕೆ ಹರಡುತ್ತಿದ್ದರು. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಆ ನುಣುಪಾದ ಕಪ್ಪು ಗೋಡು ಬಿದ್ದರೆ ಮಣ್ಣು ತೇವವನ್ನು ಹಿಡಿದುಕೊಳ್ಳುತ್ತದೆ, ರಾಗಿ ಬಿಸಿಲನ್ನು ತಡೆಯುತ್ತದೆ. ಗಾಡಿ ಹೂಡಿದವನು ಊರಿನ ಉದ್ಧಾರಕ್ಕೆಂದು ಹೂಡಿದವನಲ್ಲ, ತನ್ನ ಹೊಲಕ್ಕೆಂದು ಹೂಡಿದವನು. ಕೆರೆಯ ಆಳ ಉಳಿದುಕೊಂಡದ್ದು ಅದರ ಜೊತೆಗೆ ಬಂದ ಲಾಭ. ಹೊಲದ ಹಂಬಲವೇ ಊರಿನ ಕೆಲಸವನ್ನು ಮಾಡಿಸಿದ ಈ ಏರ್ಪಾಟಿನ ಜಾಣತನ ನನಗೆ ಯಾವಾಗಲೂ ಬೆರಗು ಹುಟ್ಟಿಸುತ್ತದೆ. ರಾಸಾಯನಿಕ ಗೊಬ್ಬರದ ಚೀಲ ಅಂಗಡಿಯಲ್ಲಿ ರಿಯಾಯಿತಿ ದರದಲ್ಲಿ ಸಿಗತೊಡಗಿದ ಮೇಲೆ ಗೋಡಿನ ಬೆಲೆ ಬಿತ್ತು, ಎತ್ತುಗಳು ಕಡಿಮೆಯಾದ ಮೇಲೆ ಅದನ್ನು ಸಾಗಿಸುವ ಖರ್ಚು ಏರಿತು. ಅಲ್ಲಿಗೆ ಹೂಳೆತ್ತುವುದು ಶುದ್ಧ ಪರೋಪಕಾರವಾಗಿ ಉಳಿಯಿತು, ಪರೋಪಕಾರದಿಂದ ನಾಲ್ಕು ಸಾವಿರ ಕೆರೆಗಳ ಹೂಳೆತ್ತಲಾಗುವುದಿಲ್ಲ. ಏರಿ ಮತ್ತು ತೂಬಿನ ದುರಸ್ತಿಗೂ ಇಂಥದ್ದೇ ಕಟ್ಟುಪಾಡಿತ್ತು: ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಕಟ್ಟುಕೊಡಗೆಯೆಂದೋ ದಶವಂದವೆಂದೋ ಬಿತ್ತುವಟ್ಟವೆಂದೋ ಅಚ್ಚುಕಟ್ಟಿನಲ್ಲೇ, ಅಂದರೆ ಕೆರೆಯ ನೀರು ಹರಿಯುವ ಗದ್ದೆಬಯಲಿನಲ್ಲೇ, ಭೂಮಿಯನ್ನೋ ಆದಾಯದ ಪಾಲನ್ನೋ ಬಿಟ್ಟುಕೊಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆರೆಯಲ್ಲಿ ನೀರಿದ್ದರೆ ಆ ಭೂಮಿಗೆ ಬೆಲೆ, ನೀರಿಲ್ಲದಿದ್ದರೆ ಇಲ್ಲ. ಸಂಬಳವನ್ನೇ ಫಲಿತಾಂಶಕ್ಕೆ ಕಟ್ಟಿಹಾಕಿದ್ದರು.

ಹಂಚುವ ತೊಡಕಿಗೆ ಸಿಕ್ಕ ಉತ್ತರ ನೀರಗಂಟಿ. ತೂಬು ಎತ್ತುವ, ಇಳಿಸುವ ಅಧಿಕಾರ ಊರಿನಲ್ಲಿ ಅವನೊಬ್ಬನಿಗೆ. ನೀರಿನೊಳಗೆ ಇಳಿದು, ಎರಡು ಕಲ್ಲುಕಂಬಗಳ ನಡುವಿನ ಗೂಟವನ್ನು ಎಷ್ಟು ಎತ್ತಬೇಕೋ ಅಷ್ಟೇ ಎತ್ತಿ, ಆಮೇಲೆ ಗುದ್ದಲಿ ಹಿಡಿದು ಕಾಲುವೆಯುದ್ದಕ್ಕೂ ನಡೆಯುತ್ತ ಒಂದು ಗದ್ದೆಯ ಬಾಯಿ ತೆರೆದು ಇನ್ನೊಂದರ ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತ ಹೋಗುವುದು ಅವನ ಕೆಲಸ. ಯಾರ ಮಡಿಗೆ ಎಷ್ಟು ಹೊತ್ತು ನೀರು ಎಂಬುದು ಅವನಿಗೆ ಬಾಯಿಪಾಠವಾಗಿರುತ್ತಿತ್ತು. ಕೊಯ್ಲಾದ ಮೇಲೆ ಕಣದಲ್ಲೇ ಅವನಿಗೆ ಪ್ರತಿಯೊಬ್ಬ ಅಚ್ಚುಕಟ್ಟುದಾರನೂ ಆಯದ ಧಾನ್ಯ ಅಳೆದುಕೊಡಬೇಕು. ಇದರಲ್ಲಿ ಅಡಗಿರುವ ಸೂಕ್ಷ್ಮವನ್ನು ಗಮನಿಸಿ. ಕಾಲುವೆಯ ತುದಿಯ ಗದ್ದೆ ಬೆಳೆಯದಿದ್ದರೆ ಅವನಿಗೆ ಬರಬೇಕಾದ ಧಾನ್ಯವೂ ಬರುವುದಿಲ್ಲವಾದ್ದರಿಂದ ತೂಬಿನ ಬಾಯಲ್ಲಿರುವ ಬಲಾಢ್ಯನಿಗೆ ಮಾತ್ರ ನೀರು ಕಟ್ಟಿ ಕೈತೊಳೆದುಕೊಳ್ಳುವುದು ಅವನಿಗೇ ನಷ್ಟ. ಬಹಳಷ್ಟು ಕಡೆ ಅವನಿಗೆ ಸ್ವಂತ ಗದ್ದೆ ಇಲ್ಲದಿದ್ದ ಕಾರಣ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವ ಆಸೆಗೂ ಅವಕಾಶವಿರಲಿಲ್ಲ. ಮಳೆ ಕೈಕೊಟ್ಟು ಕೆರೆ ಅರ್ಧವೇ ತುಂಬಿದ ವರ್ಷ ಊರಿನವರು ಸೇರಿ ಈ ಸಲ ಇಷ್ಟೇ ಗದ್ದೆಗೆ ನೀರು ಎಂದು ಗೊತ್ತುಮಾಡುತ್ತಿದ್ದರು. ಕೆಲವು ಊರುಗಳಲ್ಲಿ ತೂಬಿನ ಸಮೀಪದ ಗದ್ದೆಗಳನ್ನೇ ದಾಮಾಷಾ ಲೆಕ್ಕದಲ್ಲಿ, ಅಂದರೆ ಅವರವರ ಹಿಡುವಳಿಯ ಪ್ರಮಾಣದಲ್ಲಿ, ಆ ಒಂದು ಬೆಳೆಗೆ ಎಲ್ಲರೂ ಹಂಚಿಕೊಂಡು ಉಳುತ್ತಿದ್ದರು. ಕಡೆಯ ಗದ್ದೆಯವನು ಬರದ ವರ್ಷದಲ್ಲಿ ಬರಿಗೈಯಲ್ಲಿ ಉಳಿಯುತ್ತಿರಲಿಲ್ಲವಾದ್ದರಿಂದ ಒಳ್ಳೆಯ ವರ್ಷದಲ್ಲಿ ಕಾಲುವೆ ಕೆಲಸಕ್ಕೆ ಬರಲು ಅವನಿಗೂ ಕಾರಣವಿತ್ತು.

ಇದನ್ನು ಬರೆಯುವಾಗ ಹಳೆಯ ಕಾಲವನ್ನು ಹೊಗಳುವ ಉಮೇದು ನನಗಿಲ್ಲ. ನಮ್ಮ ಸೀಮೆಯಲ್ಲಿ ನೀರಗಂಟಿಗಳು ಹೆಚ್ಚಾಗಿ ದಲಿತ ಮನೆತನದವರು. ಅವರಿಗೆ ಗದ್ದೆ ಇರಲಿಲ್ಲ ಎಂಬುದನ್ನು ನಿಷ್ಪಕ್ಷಪಾತದ ಖಾತರಿ ಎಂದು ಮೆಚ್ಚಿಕೊಳ್ಳುವವರು, ಏಕೆ ಇರಲಿಲ್ಲ ಎಂದೂ ಕೇಳಬೇಕಾಗುತ್ತದೆ. ತಂದೆಯಿಂದ ಮಗನಿಗೆ ಬರುವ ಚಾಕರಿ, ಒಪ್ಪದಿದ್ದರೆ ಊರಿನಲ್ಲಿ ಬಾಳಲಾಗದ ಸ್ಥಿತಿ, ಕಣದ ಅಂಚಿನಲ್ಲಿ ನಿಂತು ಕೈಚಾಚಬೇಕಾದ ಕೂಲಿ, ಇವೆಲ್ಲ ಆ ವ್ಯವಸ್ಥೆಯ ಒಳಗೇ ಇದ್ದವು. ಊರಿನ ಕೆರೆ ಕೆಲಸಕ್ಕೆ ಮನೆಗೊಬ್ಬ ಆಳು ಬರಬೇಕು ಎಂಬ ನಿಯಮದಲ್ಲೂ ಮಣ್ಣು ಹೊತ್ತವರು ಯಾರು, ಏರಿಯ ಮೇಲೆ ನಿಂತು ಎಣಿಸಿದವರು ಯಾರು ಎಂಬ ಪ್ರಶ್ನೆ ಇದ್ದೇ ಇದೆ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂದು, 1963ರಿಂದ ಜಾರಿಯಾಗಿ, ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿದ್ದು ನ್ಯಾಯವಾದ ಕೆಲಸವೆಂದೇ ನಾನು ನಂಬುತ್ತೇನೆ. ನನ್ನ ಆಕ್ಷೇಪ ಬೇರೆ. ಚಾಕರಿಯನ್ನು ತೆಗೆದ ಕೈ ಆ ಕೆಲಸವನ್ನು ಗೌರವದ ಸಂಬಳದ ಉದ್ಯೋಗವಾಗಿ ಮರಳಿ ಕಟ್ಟಬೇಕಾಗಿತ್ತು, ಕಟ್ಟಲಿಲ್ಲ. ನಲವತ್ತು ಹೆಕ್ಟೇರ್‌ಗಿಂತ ಹೆಚ್ಚಿನ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಗೆ ಎಂದು ವಿಂಗಡಣೆಯಾಯಿತು. ಕೆರೆಯ ಮೀನು, ಮರ, ಮಣ್ಣು, ಅಂಗಳ ಬೇರೆ ಬೇರೆ ಕಚೇರಿಗಳ ಪಾಲಾದವು. ಕೆರೆ ಸರ್ಕಾರದ್ದು ಎಂದು ಜನ ಹೇಳತೊಡಗಿದರು. ಕಾಗದದಲ್ಲಿ ಅದು ಸತ್ಯವೂ ಆಗಿತ್ತು.

ಎಲ್ಲರೂ ಸೇರಿ ಬಳಸುವ ಸಂಪತ್ತು ಹಾಳಾಗಿಯೇ ತೀರುತ್ತದೆ ಎಂಬ ಮಾತಿಗೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟದ್ದು ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನ. ಎಲ್ಲರಿಗೂ ತೆರೆದಿರುವ ಹುಲ್ಲುಗಾವಲಿಗೆ ಪ್ರತಿಯೊಬ್ಬ ದನಗಾಹಿಯೂ ಇನ್ನೊಂದು ದನವನ್ನು ಸೇರಿಸುತ್ತಲೇ ಹೋಗುತ್ತಾನೆ, ಏಕೆಂದರೆ ಲಾಭ ಪೂರ್ತಿ ಅವನದು, ನಷ್ಟ ಎಲ್ಲರಿಗೂ ಹಂಚಿಹೋಗುವಂಥದ್ದು. ತರ್ಕ ಸರಿಯಾಗಿದೆ, ಆದರೆ ಅದು ಯಜಮಾನರಿಲ್ಲದ, ನಿಯಮವಿಲ್ಲದ ಬಯಲಿಗೆ ಅನ್ವಯಿಸುವ ತರ್ಕ. ನೀರಗಂಟಿ ಇದ್ದ ಕೆರೆ ಅಂಥ ಬಯಲಾಗಿರಲಿಲ್ಲ. ಹಾರ್ಡಿನ್ ಅವರೇ ಮುಂದೆ 1990ರ ದಶಕದಲ್ಲಿ ತಾವು ಹೇಳಿದ್ದು ನಿರ್ವಹಣೆಯಿಲ್ಲದ ಸಾಮುದಾಯಿಕ ಸಂಪತ್ತಿನ ಬಗ್ಗೆ ಎಂದು ತಿದ್ದಿಕೊಂಡರು. ಈ ವ್ಯತ್ಯಾಸವನ್ನು ಜೀವಮಾನವಿಡೀ ಊರೂರು ಅಧ್ಯಯನ ಮಾಡಿ ಸ್ಥಾಪಿಸಿದವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲು, ಸ್ಪೇನಿನ ವೆಲೆನ್ಸಿಯಾದ ಕಾಲುವೆಗಳು, ಫಿಲಿಪೈನ್ಸಿನ ರೈತರ ನೀರಿನ ಕೂಟಗಳು, ಇವೆಲ್ಲ ಸರ್ಕಾರದ ಲಾಠಿಯೂ ಖಾಸಗಿ ಬೇಲಿಯೂ ಇಲ್ಲದೆ ಬಹುಕಾಲ ಬಾಳಿದ್ದಕ್ಕೆ ಕಾರಣಗಳನ್ನು ಅವರು ಹುಡುಕಿದರು: ಯಾರು ಬಳಕೆದಾರರು ಎಂಬ ಗಡಿ ಸ್ಪಷ್ಟವಾಗಿರಬೇಕು, ನಿಯಮ ಮಾಡುವಲ್ಲಿ ಬಳಸುವವರ ಮಾತಿರಬೇಕು, ಕಾವಲಿನವನು ಅವರಿಗೇ ಉತ್ತರಿಸುವವನಾಗಿರಬೇಕು, ಮೊದಲ ತಪ್ಪಿಗೆ ಸಣ್ಣ ದಂಡ ಸಾಕು, ಮೇಲಿನ ಸರ್ಕಾರ ಇದಕ್ಕೆಲ್ಲ ಅಡ್ಡ ಬರಬಾರದು. ಅವರ ಪಟ್ಟಿಯನ್ನು ಓದುವಾಗ ನನಗೆ ನಮ್ಮ ಕೆರೆಯ ಕಟ್ಟುಪಾಡುಗಳೇ ಕಣ್ಣೆದುರು ಬರುತ್ತವೆ. ಆದರೆ ಆ ಪಟ್ಟಿಯ ಮೊದಲ ಅಂಶದಲ್ಲೇ, ಯಾರು ಬಳಕೆದಾರರು ಎಂಬಲ್ಲೇ, ಇವತ್ತಿನ ನಮ್ಮ ಎಡವಟ್ಟು ಅಡಗಿದೆ.

ಮೊದಲು ಬಂದದ್ದು ತೆರೆದ ಬಾವಿ ಮತ್ತು ಪಂಪು. ಅಚ್ಚುಕಟ್ಟಿನಲ್ಲಿ, ಏರಿಯ ಹಿಂಬದಿಯಲ್ಲಿ ಬಾವಿ ತೋಡಿದರೆ ಕೆರೆಯಿಂದ ಜಿನುಗಿದ ನೀರು ಅಲ್ಲಿ ಸಿಗುತ್ತಿತ್ತು. ಬಾವಿ ಬತ್ತಿದ ಹಾಗೆ ಅದರೊಳಗೇ ಬೋರು, ಆಮೇಲೆ ಪ್ರತ್ಯೇಕ ಕೊಳವೆಬಾವಿ. ಈ ಸೀಮೆಯ ಅಡಿಪಾಯ ಗಟ್ಟಿ ಶಿಲೆ. ಮೇಲಿನ ಶಿಥಿಲವಾದ ಪದರ ನೀರನ್ನು ಹೀರಿ ಹಿಡಿಯುತ್ತದೆ. ಅದರ ಕೆಳಗೆ ನೀರಿರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ, ಅಲ್ಲಿಗೆ ಮಳೆಯ ನೀರು ಇಳಿಯುವುದು ಬಹಳ ನಿಧಾನ. ಒಂದೇ ಲೋಟಕ್ಕೆ ಹಲವು ಕೊಳವೆ ಇಟ್ಟು ಕುಡಿದಂತೆ ಅಕ್ಕಪಕ್ಕದ ಬಾವಿಗಳು ಒಂದೇ ಬಿರುಕಿನ ನೀರನ್ನು ಎಳೆಯುತ್ತವೆ. ನೆರೆಯವನು ನೂರು ಅಡಿ ಆಳಕ್ಕೆ ಇಳಿದರೆ ನನ್ನ ಬಾವಿ ಒಣಗುತ್ತದೆ, ನಾನು ಇನ್ನೂರು ಇಳಿಯಬೇಕಾಗುತ್ತದೆ. ಸಾವಿರ ಅಡಿ ದಾಟಿದರೂ ನೀರು ಕಾಣದೆ, ಕಂಡ ನೀರಿನಲ್ಲಿ ಫ್ಲೋರೈಡ್ ಇರುವ ಸ್ಥಿತಿಗೆ ಜಿಲ್ಲೆ ಬಂದದ್ದು ಹೀಗೆ. 1882ರ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದ ಬಂದ ತಿಳುವಳಿಕೆಯಂತೆ ನೆಲದ ಒಡೆಯನಿಗೆ ತನ್ನ ನೆಲದಡಿಯ ನೀರನ್ನು ಎತ್ತುವ ಹಕ್ಕಿದೆ. ಬಿರುಕಿನಲ್ಲಿ ಹರಿಯುವ ನೀರಿಗೆ ಸರ್ವೆ ನಂಬರು ಗೊತ್ತಿಲ್ಲ ಎಂಬುದನ್ನು ಆ ತಿಳುವಳಿಕೆ ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಜೊತೆಯಾದದ್ದು ವಿದ್ಯುತ್ತು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಬೋರು ಕೊರೆಸಲು ಸಾಲ ಮಾಡಿದ ರೈತನಿಗೆ, ನೀರು ಸಿಕ್ಕ ಮೇಲೆ ಒಂದು ಗಂಟೆ ಹೆಚ್ಚು ಓಡಿಸುವುದಕ್ಕೆ ಏನೂ ಖರ್ಚಿಲ್ಲ. ತ್ರೀ ಫೇಸ್ ಬರುವುದು ದಿನದ ಕೆಲವೇ ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ಹಾಗಾಗಿ ತೋಟದ ಮೂಲೆಯ ತಗಡಿನ ಪೆಟ್ಟಿಗೆಯೊಳಗೆ ಆಟೋ ಸ್ಟಾರ್ಟರ್ ಇರುತ್ತದೆ. ಊರು ಮಲಗಿರುವಾಗ ಕರೆಂಟು ಬಂದ ಕ್ಷಣವೇ ಪೆಟ್ಟಿಗೆಯೊಳಗೆ ಟಕ್ಕೆಂದು ಸದ್ದಾಗಿ, ಒಂದರ ಹಿಂದೊಂದು ಮೋಟಾರುಗಳು ತಾವಾಗಿಯೇ ಏಳುತ್ತವೆ. ಟೊಮ್ಯಾಟೊ ಸಾಲಿಗೆ ಅಂದು ನೀರು ಬೇಕಿತ್ತೋ ಇಲ್ಲವೋ ನೋಡಲು ಅಲ್ಲಿ ಯಾರೂ ಇರುವುದಿಲ್ಲ. ಆ ರೈತನನ್ನು ನಾನು ದೂರುವುದಿಲ್ಲ. ತಾನು ನಿಲ್ಲಿಸಿದರೆ ಉಳಿಯುವ ನೀರು ತನ್ನ ಬಾವಿಯಲ್ಲಿ ಉಳಿಯುವುದಿಲ್ಲ, ಪಕ್ಕದವನ ಮೋಟಾರಿಗೆ ಹೋಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಈಗ ಕೆರೆಗೆ ಮರಳೋಣ. ಕೊಳವೆಬಾವಿ ಹಾಕಿಸಿಕೊಂಡವನಿಗೆ ತೂಬಿನ ಸರದಿ ಕಾಯುವ ಅಗತ್ಯವಿಲ್ಲ. ಭತ್ತದ ಬದಲು ಹಿಪ್ಪುನೇರಳೆ, ತರಕಾರಿ, ಹೂವು ಬೆಳೆದು ವರ್ಷವಿಡೀ ಮಾರುಕಟ್ಟೆಗೆ ಕಳಿಸಬಲ್ಲ. ಕಾಲುವೆ ಕೆಲಸದ ದಿನ ಅವನು ಬರುವುದಿಲ್ಲ, ನೀರಗಂಟಿಗೆ ಧಾನ್ಯ ಅಳೆಯುವುದಿಲ್ಲ. ಬಾವಿ ಕೊರೆಸುವ ಶಕ್ತಿಯಿದ್ದವರೇ ಊರಿನಲ್ಲಿ ಮಾತು ನಡೆಯುವವರೂ ಆದ್ದರಿಂದ ಅವರು ಹಿಂದೆ ಸರಿದರೆ ಊರಿನ ಕಟ್ಟುಪಾಡಿನ ಬೆನ್ನೆಲುಬೇ ಮುರಿಯುತ್ತದೆ. ಉಳಿದವರು ಬಾವಿಗೆ ದುಡ್ಡಿಲ್ಲದ ಸಣ್ಣ ಹಿಡುವಳಿದಾರರು. ಅವರೇ ಹೂಳೆತ್ತಬೇಕು, ಅವರೇ ತೂಬು ಸರಿಪಡಿಸಬೇಕು. ಆದರೆ ಕೊಳವೆಬಾವಿಯವನು ಕೆರೆಯನ್ನು ನಿಜವಾಗಿ ಬಿಟ್ಟುಹೋಗಿದ್ದಾನೆಯೇ? ಇಲ್ಲ. ಅವನ ಬಾವಿಗೆ ನೀರು ಬರುವುದು ಬಹುಪಾಲು ಅದೇ ಕೆರೆಯಂಗಳದಲ್ಲಿ ಇಂಗಿದ ಮಳೆಯಿಂದ. ಮೊದಲು ತೂಬಿನ ಮೂಲಕ, ಎಲ್ಲರ ಕಣ್ಣೆದುರಿಗೆ, ನಿಯಮದ ಪ್ರಕಾರ ಪಡೆಯುತ್ತಿದ್ದ ನೀರನ್ನು ಈಗ ನೆಲದಡಿಯಿಂದ, ಯಾರಿಗೂ ಕಾಣದಂತೆ, ಯಾವ ಸರದಿಯೂ ಇಲ್ಲದೆ ಪಡೆಯುತ್ತಿದ್ದಾನೆ, ಅಷ್ಟೆ. ಕೆರೆಯ ಅತಿ ದೊಡ್ಡ ಫಲಾನುಭವಿ ಕೆರೆಯ ಲೆಕ್ಕದಿಂದ ಪೂರ್ತಿ ಹೊರಗಿದ್ದಾನೆ. ಪುಕ್ಕಟೆ ಫಲ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಸರ್ಕಾರದ ಯೋಜನೆಗಳು ಈ ಲೆಕ್ಕವನ್ನು ಮುಟ್ಟಿಯೇ ಇಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆಯನ್ನು ಜಲ ಸಂವರ್ಧನೆ ಯೋಜನಾ ಸಂಘ ನಡೆಸಿತು. ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು, ಊರವರೂ ವೆಚ್ಚದ ಒಂದು ಪಾಲನ್ನು ಭರಿಸಬೇಕೆಂಬ ನಿಯಮವೂ ಇತ್ತು. ಉದ್ದೇಶ ಒಳ್ಳೆಯದು. ಆದರೆ ಒಮ್ಮೆ ಹೂಳೆತ್ತಿಸಿದರೆ ಮುಗಿಯುವ ಕೆಲಸ ಇದಲ್ಲ. ಮುಂದಿನ ಮಳೆಗೇ ಹೊಸ ಹೂಳು ಬರುತ್ತದೆ, ವರ್ಷ ವರ್ಷವೂ ಅದಕ್ಕೆ ದುಡಿಯುವ ಕಾರಣ ಯಾರಿಗಾದರೂ ಇರಬೇಕು. ಜಲಾನಯನದಲ್ಲಿ ನೀಲಗಿರಿ ನೆಟ್ಟವನು, ರಾಜಕಾಲುವೆಯನ್ನು ಒತ್ತಿಕೊಂಡವನು, ಕೆರೆಯ ಮಗ್ಗುಲಲ್ಲಿ ಬೋರು ಹಾಕಿಸಿದವನು, ಈ ಮೂವರೂ ಸಂಘದ ಪಟ್ಟಿಯ ಹೊರಗಿದ್ದರೆ ಸಂಘ ಯಾರನ್ನು ಕಟ್ಟಿಹಾಕಬಲ್ಲದು?

ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ಬಂದ ಮೇಲಂತೂ ಈ ಪ್ರಶ್ನೆ ಇನ್ನೂ ಹರಿತವಾಗಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯಿಟ್ಟು, ಕೋಲಾರ ಸೀಮೆಯ 126 ಕೆರೆಗಳಿಗೆ ಹರಿಸುವ ಈ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮೂರನೆಯ ಹಂತದ ಶುದ್ಧೀಕರಣ ಬೇಕೇಬೇಕು ಎಂಬ ವಾದದಲ್ಲಿ ನಾನು ಬೇಕು ಎನ್ನುವವರ ಪಕ್ಷದಲ್ಲಿದ್ದೇನೆ. ಕುಡಿಯುವ ನೀರೂ ಅದೇ ನೆಲದಡಿಯಿಂದ ಬರುವಾಗ ಇದರಲ್ಲಿ ರಾಜಿ ಸಲ್ಲದು. ಆದರೆ ಇಲ್ಲಿ ಹೇಳಬೇಕಾದ ಸಂಗತಿ ಹಂಚಿಕೆಯದು. ಈ ಕೆರೆಗಳಿಂದ ನೇರವಾಗಿ ನೀರೆತ್ತುವಂತಿಲ್ಲ, ನೀರು ಇಂಗಿ ಅಂತರ್ಜಲ ಏರಬೇಕೆಂಬುದೇ ಯೋಜನೆಯ ಗುರಿ. ಅಂದರೆ ಕೆರೆ ಈಗ ಇಂಗುಗುಂಡಿಯಾಗಿದೆ. ಅದರ ನೀರಾವರಿಯ ಫಲವೆಲ್ಲ ಕೊಳವೆಬಾವಿಯ ಮೂಲಕವೇ ಸಿಗಬೇಕು. ಬಾವಿ ಇರುವವನಿಗೆ ಸಾರ್ವಜನಿಕ ಹಣದಿಂದ ತುಂಬಿದ ನೀರು ಉಚಿತ ವಿದ್ಯುತ್ತಿನಲ್ಲಿ ಮೇಲೆ ಬರುತ್ತದೆ, ಬಾವಿ ಇಲ್ಲದ ಅಚ್ಚುಕಟ್ಟುದಾರನು ತುಂಬಿದ ಕೆರೆಯ ಕೆಳಗೆ ಒಣಗಿದ ಗದ್ದೆಯಲ್ಲಿ ನಿಂತಿರುತ್ತಾನೆ. ಇಂಗಿಸುವುದಕ್ಕಾಗಿ ತೂಬನ್ನು ಮುಚ್ಚಿದ ಬೇರೆ ಊರುಗಳಲ್ಲೂ ಆಗಿರುವುದು ಇದೇ. ಎಲ್ಲರದ್ದಾಗಿದ್ದ ನೀರಿನ ಹಕ್ಕು, ಯಾವ ಕಾಯ್ದೆಯೂ ಹಾಗೆ ಹೇಳದೆ, ಯಾವ ಗ್ರಾಮಸಭೆಯೂ ನಿರ್ಣಯಿಸದೆ, ಬಾವಿ ಉಳ್ಳವರ ಪಾಲಾಗಿದೆ.

ಆಸ್ಟ್ರಮ್ ಅವರ ಮೊದಲ ಅಧ್ಯಯನ ಹುಲ್ಲುಗಾವಲಿನದಲ್ಲ, ಅಂತರ್ಜಲದ್ದು. ಲಾಸ್ ಏಂಜಲೀಸ್ ಬಳಿಯ ವೆಸ್ಟ್ ಬೇಸಿನ್ ಪ್ರದೇಶದಲ್ಲಿ ನೀರೆತ್ತುವ ಪೈಪೋಟಿ ಎಷ್ಟಾಗಿತ್ತೆಂದರೆ ಸಮುದ್ರದ ಉಪ್ಪುನೀರು ನೆಲದಡಿ ಒಳನುಗ್ಗತೊಡಗಿತ್ತು. 1945ರಲ್ಲಿ ಮೊಕದ್ದಮೆ ಆರಂಭವಾಯಿತು; ನೀರೆತ್ತುವವರು ನ್ಯಾಯಾಲಯದ ನೆರಳಿನಲ್ಲೇ ಕುಳಿತು ಚೌಕಾಸಿ ನಡೆಸಿ ತಂತಮ್ಮ ಪಾಲನ್ನು ಕಡಿಮೆ ಮಾಡಿಕೊಳ್ಳಲು ಒಪ್ಪಿದರು, 1961ರಲ್ಲಿ ಅಂತಿಮ ತೀರ್ಪು ಬಂತು, ಯಾರು ಎಷ್ಟು ಎತ್ತಿದರೆಂದು ಅಳೆದು ಎಲ್ಲರಿಗೂ ವರದಿ ಕೊಡುವ ಜಲಪಾಲಕನ ನೇಮಕವಾಯಿತು. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಹೆಜ್ಜೆ: 1959ರಲ್ಲಿ ಅಲ್ಲಿಯ ಜನ ಅಂತರ್ಜಲ ಮರುಪೂರಣಕ್ಕೆಂದೇ ಒಂದು ಜಿಲ್ಲಾ ಸಂಸ್ಥೆಯನ್ನು ರಚಿಸಿಕೊಂಡರು; ಎತ್ತಿದ ನೀರಿನ ಮೇಲೆ ಶುಲ್ಕ ವಿಧಿಸಿ, ಆ ಹಣದಲ್ಲಿ ನೀರು ತಂದು ನೆಲಕ್ಕೆ ಇಂಗಿಸುವುದು ಅದರ ಕೆಲಸ. ಇಂಗುವ ನೀರಿನ ಖರ್ಚನ್ನು ಎತ್ತುವವನು ಕೊಡುತ್ತಾನೆ. ಅಲ್ಲಿ ನೀರೆತ್ತುತ್ತಿದ್ದವರು ಕೆಲವು ನೂರು ಮಂದಿ, ಅವರಲ್ಲಿ ನಗರಸಭೆಗಳೂ ದೊಡ್ಡ ಕಂಪನಿಗಳೂ ಇದ್ದವು; ನಮ್ಮಲ್ಲಿ ಸಾವಿರಾರು ಸಣ್ಣ ರೈತರು, ಸಾಲದ ಹೊರೆ ಹೊತ್ತವರು. ಹಾಗಾಗಿ ನ್ಯಾಯಾಲಯದ ದಾರಿ ನಮಗಲ್ಲ. ಶುಲ್ಕದ ತತ್ವ ಮಾತ್ರ ನಮ್ಮದಾಗಬಲ್ಲದು.

ಹತ್ತಿರದ ಉದಾಹರಣೆ ಬೇಕೆಂದರೆ ಮಹಾರಾಷ್ಟ್ರದ ಹಿವರೆ ಬಜಾರ್ ಇದೆ. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಅಲ್ಲಿ ಗುಡ್ಡದ ನೀರನ್ನು ತಡೆಯುವ ಕೆಲಸವಷ್ಟೇ ನಡೆಯಲಿಲ್ಲ. ಬೇಸಾಯಕ್ಕೆ ಕೊಳವೆಬಾವಿ ಕೊರೆಯಬಾರದು, ತೆರೆದ ಬಾವಿ ಮಾತ್ರ, ಕಬ್ಬು ಬಾಳೆಯಂಥ ಹೆಚ್ಚು ನೀರು ಕುಡಿಯುವ ಬೆಳೆ ಬೇಡ ಎಂಬ ನಿಯಮವನ್ನು ಊರು ತಾನೇ ಹಾಕಿಕೊಂಡಿತು. ಪ್ರತಿವರ್ಷ ಮಳೆಯ ಲೆಕ್ಕ ಹಾಕಿ ಈ ಸಲ ಏನು ಬೆಳೆಯಬಹುದೆಂದು ಗ್ರಾಮಸಭೆ ತೀರ್ಮಾನಿಸುತ್ತದೆ. ಕೆರೆ ಅರ್ಧ ತುಂಬಿದ ವರ್ಷ ನಮ್ಮ ಹಿರಿಯರು ಕುಳಿತು ಮಾಡುತ್ತಿದ್ದ ಲೆಕ್ಕವೇ ಇದು, ನೆಲದಡಿಯ ನೀರಿಗೂ ವಿಸ್ತರಿಸಿದ್ದು.

ನಾನು ಬಯಸುವುದು ಇಷ್ಟು. ಕೆರೆಯ ಪ್ರಭಾವ ವಲಯದಲ್ಲಿರುವ ಪ್ರತಿಯೊಂದು ನೀರಾವರಿ ಕೊಳವೆಬಾವಿಯನ್ನೂ ಆ ಕೆರೆಯ ಅಚ್ಚುಕಟ್ಟು ಎಂದೇ ಪರಿಗಣಿಸಿ ಅದರ ಒಡೆಯನನ್ನು ಕೆರೆ ಸಂಘದ ಸದಸ್ಯನನ್ನಾಗಿ ಮಾಡಬೇಕು. ಮೀಟರು ಇಲ್ಲದ ಕಡೆ ಮೋಟಾರಿನ ಅಶ್ವಶಕ್ತಿಯ ಮೇಲೆ ವಾರ್ಷಿಕ ವಂತಿಗೆ ಗೊತ್ತುಮಾಡಬೇಕು. ಅಶ್ವಶಕ್ತಿಯ ಮೇಲಿನ ವಂತಿಗೆ ಒಂದು ಗಂಟೆ ಹೆಚ್ಚು ಓಡಿಸುವುದನ್ನು ತಡೆಯುವುದಿಲ್ಲ ಎಂಬುದು ನಿಜ. ಆದರೆ ಕೆರೆಯನ್ನು ಉಳಿಸುವ ಖರ್ಚಿಗೆ ಒಂದು ದಾರಿಯಾಗುತ್ತದೆ, ಕೊಟ್ಟವನಿಗೆ ಕೇಳುವ ಹಕ್ಕೂ ಬರುತ್ತದೆ. ಆ ಹಣ ಸರ್ಕಾರದ ಖಜಾನೆಗೆ ಹೋಗಬಾರದು, ಅದೇ ಕೆರೆಯ ಹೆಸರಿನಲ್ಲಿ ಉಳಿಯಬೇಕು. ಅದರಿಂದ ಮೊದಲು ಸಿಗಬೇಕಾದದ್ದು ನೀರಗಂಟಿಗೆ, ಜಾತಿಯ ಗೊಡವೆಯಿಲ್ಲದೆ ಆರಿಸಿದ ಗಂಡಿಗೋ ಹೆಣ್ಣಿಗೋ, ತಿಂಗಳ ಸಂಬಳ. ತೂಬಿನ ಜೊತೆಗೆ ಬಾವಿಗಳ ನೀರಿನ ಮಟ್ಟವನ್ನೂ ಅವರು ಅಳೆದು ಪಂಚಾಯತಿ ಕಟ್ಟೆಯ ಹಲಗೆಯಲ್ಲಿ ಬರೆಯಲಿ. ಯಾರ ಬಾವಿ ಎಷ್ಟು ಇಳಿಯಿತೆಂದು ಊರಿಗೆ ಕಾಣುವುದು ಅರ್ಧ ಕಾವಲು ಇದ್ದಂತೆ. ಬಾವಿಯಿಲ್ಲದ ಅಚ್ಚುಕಟ್ಟುದಾರರು, ಕೆರೆಯಂಗಳದಲ್ಲಿ ದನ ಕುರಿ ಮೇಯಿಸುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಸಂಘದಲ್ಲಿ ವಂತಿಗೆ ಇಲ್ಲದೆಯೇ ಮತ ಹಾಕುವವರಾಗಿರಬೇಕು, ಇಲ್ಲದಿದ್ದರೆ ಹಣ ಕೊಟ್ಟವರು ಕೆರೆಯನ್ನೇ ಕೊಂಡಂತೆ ನಡೆದುಕೊಳ್ಳುತ್ತಾರೆ.

ರೈತನ ಮೇಲೆ ಇನ್ನೊಂದು ಹೊರೆಯೇ ಎಂದು ಕೇಳುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಅವರು ಒಂದು ವಿಫಲ ಬೋರಿನ ಬಿಲ್ಲನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಡಿಗಿಷ್ಟು ಎಂದು ಕೊರೆಯುವ ದರ, ಕೇಸಿಂಗ್ ಪೈಪು, ನೀರು ತೋರಿಸುವವನಿಗೆ ಕೊಟ್ಟದ್ದು, ಸಾಲದ ಬಡ್ಡಿ, ಎಲ್ಲ ಸೇರಿ ಲಕ್ಷಗಳಲ್ಲಿ ಹೋಗುವ ಆ ಹಣ ಯಾರ ಕೆರೆಯನ್ನೂ ತುಂಬಿಸದೆ ಬಂಡೆಯೊಳಗೆ ಪುಡಿಯಾಗುತ್ತದೆ. ಒಂದು ಊರಿನಲ್ಲಿ ಒಂದು ವರ್ಷ ಹೀಗೆ ವ್ಯರ್ಥವಾಗುವ ಹಣದ ಸಣ್ಣ ಪಾಲಿನಲ್ಲಿ ಆ ಊರಿನ ಕಾಲುವೆಯನ್ನು ಸ್ವಚ್ಛವಾಗಿಟ್ಟುಕೊಳ್ಳಬಹುದು. ಹೊರೆ ಈಗಲೂ ಇದೆ, ಬೇರೆ ಹೆಸರಿನಲ್ಲಿ ಇದೆ, ಮತ್ತು ಅದನ್ನು ಒಬ್ಬೊಬ್ಬರೇ ಹೊರುತ್ತಿದ್ದಾರೆ.

ಇದಕ್ಕೆ ಬೇಕಾದ ಪಟ್ಟಿಯನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ರಾಜ್ಯದ 2011ರ ಅಂತರ್ಜಲ ನಿಯಂತ್ರಣ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಗಳ ನೋಂದಣಿಯನ್ನು ಕಡ್ಡಾಯ ಮಾಡಿದೆ, ಪಂಪ್‌ಸೆಟ್‌ಗಳ ಆರ್‌.ಆರ್‌. ನಂಬರು ವಿದ್ಯುತ್ ಕಂಪನಿಯಲ್ಲಿದೆ, ಕೆರೆಯ ಗಡಿ ಕಂದಾಯ ನಕ್ಷೆಯಲ್ಲಿದೆ. ಈ ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ, ಯಾವ ಬಾವಿ ಯಾವ ಕೆರೆಯ ಕೆಳಗೆ ಬರುತ್ತದೆ ಎಂದು ಗುರುತಿಸುವ ಕೆಲಸವನ್ನು ಒಂದು ಗ್ರಾಮ ಪಂಚಾಯತಿ, ಒಬ್ಬ ಭೂವಿಜ್ಞಾನಿಯ ನೆರವಿನೊಂದಿಗೆ, ಈ ಬೇಸಿಗೆಯಲ್ಲೇ ಆರಂಭಿಸಬಹುದು.